ಹಗಲು ಹಾಕಿದ ಚಿಲಕ

ಮೊನ್ನೆ ಶಹಾಪುರದ ನಮ್ಮ ಮನೆಯಲ್ಲಿ, ಬೆಳಗಿನ ಹತ್ತು ಗಂಟೆಗೆ, ಸ್ನಾನಕ್ಕೆ ಹೋಗುವ ಮುನ್ನ ನಾನು ಮುಂಬಾಗಿಲು ಮುಚ್ಚಿ ಚಿಲಕ ಹಾಕಿದೆ. ಮಾಡಿದ ಅಪರಾಧ ಇಷ್ಟೇ. ತಲೆಯ ಮೇಲೆ ಎರಡು ತಂಬಿಗೆ ನೀರು ಬಿದ್ದಿತ್ತೋ ಇಲ್ಲವೋ, ಬಾಗಿಲು ಬಡಿಯುವ ಸದ್ದು ಶುರುವಾಯಿತು. ಮೊದಲು ಒಂದು ಕೈ, ಆಮೇಲೆ ನಾಲ್ಕು ಕೈ. ಸೊಂಟಕ್ಕೆ ಟಾವೆಲ್ ಸುತ್ತಿಕೊಂಡು, ಕಿವಿಯಲ್ಲಿ ಸಾಬೂನಿನ ನೊರೆ ಇಟ್ಟುಕೊಂಡೇ ಬಂದು ಚಿಲಕ ತೆಗೆದರೆ ಕಟ್ಟೆಯ ಮೇಲೆ ಒಂಬತ್ತು ಜನ ನಿಂತಿದ್ದರು. ಎದುರು ಮನೆಯ ಶರಣಮ್ಮ ಕಾಕು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿ ಬಂದಿದ್ದ ದರ್ಜಿ ಖಾಜಾ ಮಾಮಾ, ಮೊಸರು ಮಾರುವವಳು, ಅವಳ ಬಳಿ ಮೊಸರು ಕೊಳ್ಳುತ್ತಿದ್ದವರು, ಮತ್ತೆ ನನಗೆ ಗುರುತೇ ಇಲ್ಲದ ಇಬ್ಬರು.

"ಖೈರಿಯತ್ ಅದಲ್ಲಪ್ಪಾ?" ಎಂದು ಖಾಜಾ ಮಾಮಾ ಮೆಲ್ಲಗೆ ಕೇಳಿದ. ಆಸ್ಪತ್ರೆಯ ಹೊರಗೆ ನಿಂತವರು ಕೇಳುವ ದನಿ ಅದು.

ಏನಿಲ್ಲ ಮಾಮಾ, ಜಳಕ ಮಾಡುತ್ತಿದ್ದೆ ಎಂದೆ.

"ಜಳಕಕ್ಕ ತಲಬಾಗಲಾ ಯಾಕ ಹಾಕ್ತಾರ ತಮ್ಮಾ? ಬಚ್ಚಲಕ್ಕ ಬಾಗಲಾ ಇಲ್ಲೇನು?" ಎಂದಳು ಶರಣಮ್ಮ ಕಾಕು.

ಪ್ರಶ್ನೆಯಲ್ಲಿ ನ್ಯಾಯವಿತ್ತು. ಗುರುತಿಲ್ಲದ ಇಬ್ಬರಲ್ಲಿ ಒಬ್ಬರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಹೆಂಡತಿ ಅಳುತ್ತಾ ಕೂತಿದ್ದಾಳೆಯೇ ಎಂದು ಹುಡುಕಿದರು. ಹೆಂಡತಿ ಸುನಂದಾ, ಅಣ್ಣನ ಹೆಂಡತಿ ವೈನಿಯ ಜೊತೆ ಸಂತೆಗೆ ಹೋಗಿದ್ದಳು. ಅಷ್ಟರಲ್ಲಿ ಅವರೂ ಬಂದರು. ಮನೆ ಮುಂದೆ ಜನ ಸೇರಿದ್ದನ್ನು ದೂರದಿಂದಲೇ ಕಂಡ ಸುನಂದಾಳ ಕೈಯಿಂದ ಚೀಲ ಜಾರಿ, ಅರ್ಧ ಓಣಿ ಟೊಮೆಟೊ ಉರುಳಿದವು. ಕೊನೆಗೆ, ನಾಲ್ಕು ಮನೆ ಆಚೆ ಬಾಣಂತಿಯನ್ನು ನೋಡಲು ಹೋಗಿದ್ದ ಅವ್ವ ಬಂದಳು. ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಏನೂ ಆಗಿಲ್ಲ. ಇಂವಗ ಅಲ್ಲೀ ರೂಢಿ ಹತ್ತ್ಯದ. ಬರ್ರಿ, ಬಂದೀರಂದ್ರ ಚಾ ಕುಡದು ಹೋಗ್ರಿ" ಎಂದಳು. ಒಂಬತ್ತು ಜನರೂ ಪಡಸಾಲೆಗೆ ಬಂದು ಕೂತರು. ನಾನು ಮೈಮೇಲೆ ಸಾಬೂನು ಒಣಗಿಸಿಕೊಂಡು ಒಂದು ಅಂಗಿ ತೊಟ್ಟು ಅವರ ನಡುವೆ ಕೂತೆ.

ಚಹಾ ಕುದಿಯುವುದಕ್ಕೆ ಹೊತ್ತಿದೆ. ಅಲ್ಲಿಯವರೆಗೆ 'ಅಲ್ಲೀ ರೂಢಿ' ಎಂದರೆ ಏನೆಂದು ಹೇಳಿಬಿಡುತ್ತೇನೆ.

ನಾನು ಹುಟ್ಟಾ ಅರಿವೆ ಅಂಗಡಿಯವನು. ಶಹಾಪುರದ ಬಜಾರಿನಲ್ಲಿ ಅಪ್ಪ ಇಟ್ಟ ಅಂಗಡಿಯಲ್ಲಿ ಅಣ್ಣನ ಜೊತೆ ಹದಿನೈದು ವರ್ಷ ಗಾದಿಯ ಮೇಲೆ ಕೂತು ಇಳಕಲ್ ಸೀರೆ ಬಿಚ್ಚಿ ತೋರಿಸಿದವನು, ಮತ್ತೆ ಮಡಚಿದವನು. ಬಿಚ್ಚಿದ್ದಕ್ಕಿಂತ ಮಡಚಿದ್ದೇ ಹೆಚ್ಚು. ಸುನಂದಾ ನರ್ಸ್. ನಾಲ್ಕು ವರ್ಷದ ಹಿಂದೆ ಅವಳಿಗೆ ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವಳ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಮಗಳು ಪುಟ್ಟಿ, ಪುಟ್ಟಿಯ ಬೆನ್ನಿಗೆ ಅವ್ವ, ಹೀಗೆ ನಾಲ್ವರೂ ಹೊರಟೆವು. ಹೊರಡುವ ಮುಂಚೆ ಖಾಜಾ ಮಾಮಾ ನನಗೊಂದು ಕೋಟು ಹೊಲಿದುಕೊಟ್ಟ. ತೋಳಿನ ಅಳತೆ ತೆಗೆಯುತ್ತಾ, ಹೆಂಡತಿ ಮುಂದೆ ಗಂಡ ಹಿಂದೆ, ಅಂದರೆ ಮದುಮಗಳನ್ನು ಕಳಿಸಿದಂತೆ ಇದು ನಿನ್ನ ಬಿದಾಯಿಯೇ ಅನ್ನು ಎಂದು ನಕ್ಕಿದ್ದ. ಆ ಕೋಟನ್ನು ಶಹಾಪುರದ ಚಳಿ ಮೆಚ್ಚಿಕೊಂಡಿತ್ತು. ಐರ್ಲೆಂಡಿನ ಗಾಳಿ ಅದರೊಳಗೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಆರಾಮಾಗಿ ಹೊರಗೆ ಹೋಗುತ್ತಿತ್ತು.

ನಮ್ಮ ಓಣಿಯಲ್ಲಿ ಬಾಗಿಲಿಗೆ ಒಂದು ನೇಮವಿದೆ. ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿಣ ಹಚ್ಚಿ ತೆಗೆದಿಟ್ಟ ಬಾಗಿಲನ್ನು ಮತ್ತೆ ಮುಚ್ಚುವುದು ಮಲಗುವಾಗಲೇ. ಊರಿಗೆ ಹೋದರೆ ಹೊರಗೆ ಕೀಲಿ ಹಾಕಿ, ಕೀಲಿಕೈಯನ್ನು ಎದುರು ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ಕೀಲಿ ಹೊರಗಿದ್ದರೆ ಚಿಂತೆಯಿಲ್ಲ. ಹಗಲು ಹೊತ್ತು ಒಳಗಿನಿಂದ ಚಿಲಕ ಬಿದ್ದಿದೆ ಎಂದರೆ ಮಾತ್ರ ಗಂಡ ಹೆಂಡತಿ ಜಗಳವಾಡಿದ್ದಾರೆ, ಇಲ್ಲವೇ ಬಾಯಲ್ಲಿ ಆಡಬಾರದ್ದು ಏನೋ ಆಗಿದೆ ಎಂದು ಅರ್ಥ. ಹೀಗಾಗಿ ಕಟ್ಟೆಯ ಮೇಲೆ ಬಂದ ಒಂಬತ್ತು ಜನರ ತಪ್ಪೇನೂ ಇಲ್ಲ. ನಾಲ್ಕು ವರ್ಷದ ಹಿಂದಾದರೆ ಹತ್ತನೆಯವನಾಗಿ ನಾನೇ ಇರುತ್ತಿದ್ದೆ.

ತೆರೆದ ಬಾಗಿಲಿನಿಂದ ಏನೆಲ್ಲ ಒಳಗೆ ಬರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಒಂದು ಬೇಸಿಗೆಯ ಮಧ್ಯಾಹ್ನ, ಶಹಾಪುರದ ಗುಡ್ಡ ಕಾದು ಬಿಸಿ ಉಗುಳುವ ಹೊತ್ತು, ತಲೆಗೆ ಪಟಕ ಸುತ್ತಿದ ಒಬ್ಬ ಮನುಷ್ಯ ಬಂದು ನೀರು ಕೇಳಿದ. ಅಜ್ಜಿ ನೀರು ಕೊಟ್ಟು, ಊಟದ ಹೊತ್ತಾಗಿತ್ತೆಂದು ರೊಟ್ಟಿ ಪುಂಡಿಪಲ್ಯ ಬಡಿಸಿದಳು. ಆತ ಉಂಡು, ಪಡಸಾಲೆಯ ತಣ್ಣನೆಯ ಫರಸಿಯ ಮೇಲೆ ಪಟಕವನ್ನೇ ತಲೆಗಿಟ್ಟುಕೊಂಡು ಮಲಗಿದ. ನಾಲ್ಕು ಗಂಟೆಗೆ ಎದ್ದು ಮುಖ ತೊಳೆದು, ಹುಣಸಗಿ ಬಸ್ಸಿಗೆ ಹೊತ್ತಾಯಿತೆಂದು ಚಹಾ ಕುಡಿದು, ಬರುತ್ತೇನೆಂದು ಹೇಳಿ ಹೋದ. ರಾತ್ರಿ ಊಟಕ್ಕೆ ಕೂತಾಗ, ನಿನ್ನ ತವರಿನವರು ಎಷ್ಟು ಗೊರಕೆ ಹೊಡೆಯುತ್ತಾರೆ ಎಂದು ಅಜ್ಜ ಅಜ್ಜಿಯನ್ನು ಕೇಳಿದ. ನನ್ನ ತವರಿನವನೆಲ್ಲಿ, ನಿಮ್ಮ ಅಂಗಡಿಯ ಗಿರಾಕಿ ಅಲ್ಲವೇ ಎಂದಳು ಅಜ್ಜಿ. ಇಬ್ಬರೂ ಅಪ್ಪನ ಮುಖ ನೋಡಿದರು. ಅಪ್ಪ ಆ ಮನುಷ್ಯನನ್ನು ಆವತ್ತೇ ಮೊದಲ ಸಲ ನೋಡಿದ್ದ. ಮುಂದಿನ ಸುಗ್ಗಿಯಲ್ಲಿ ಹುಣಸಗಿಯಿಂದ ಒಂದು ಚೀಲ ಶೇಂಗಾ ಬಂದಿಳಿದಾಗ, ಕಳಿಸಿದವರು ಯಾರೆಂದು ತಿಳಿಯಲು ಮನೆಯವರಿಗೆ ಎರಡು ದಿನ ಬೇಕಾಯಿತು.

ಇಂಥ ಮನೆಯಿಂದ ಹೋದವರು ನಾವು. ಅಲ್ಲಿಯ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಮುಚ್ಚಿದೊಡನೆ ತಾನೇ ಕೀಲಿಯೂ ಬೀಳುತ್ತದೆ. ಹೋದ ಮೂರನೆಯ ದಿನ ಬೆಳಗ್ಗೆ, ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿ, ಲುಂಗಿ ಬನಿಯನ್ನಿನಲ್ಲಿ ಕಸದ ಚೀಲ ಇಡಲು ಹೊರಗೆ ಬಂದೆ. ಬೆನ್ನ ಹಿಂದೆ 'ಟಕ್' ಎಂದಿತು. ಸುನಂದಾ ಆಸ್ಪತ್ರೆಗೆ ಹೋಗಿದ್ದಳು, ಒಳಗೆ ಪುಟ್ಟಿ ಗಾಢ ನಿದ್ದೆಯಲ್ಲಿದ್ದಳು, ಅವ್ವ ಸ್ನಾನಕ್ಕೆ ಹೋಗಿದ್ದಳು. ಇಪ್ಪತ್ತು ನಿಮಿಷ ನಾನು ಆ ಚಳಿಯಲ್ಲಿ, ಹಲ್ಲು ಕಟಕಟಿಸುತ್ತಾ, ಹೋಗಿ ಬರುವ ಶಾಲೆಯ ಮಕ್ಕಳಿಗೆಲ್ಲ ಕೈ ಬೀಸುತ್ತಾ ನಿಂತೆ. ಆವತ್ತಿನಿಂದ ನನ್ನ ಜೇಬಿನಲ್ಲಿ ಕೀಲಿಕೈ, ಕೈಗೆ ಬಾಗಿಲು ಮುಟ್ಟಿ ಮುಟ್ಟಿ ನೋಡುವ ಚಟ. ಮೊನ್ನೆ ಚಿಲಕ ಹಾಕಿದ್ದು ನಾನಲ್ಲ, ಆ ಚಟ.

ಬಾಗಿಲಿನ ಒಳಗೆ ಹೋಗುವುದಂತೂ ಇನ್ನೂ ಕಷ್ಟದ ವಿದ್ಯೆ. ನಾನು ಒಂದು ದೊಡ್ಡ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಜೊತೆಗೆ ಕೆಲಸ ಮಾಡುವವನೊಬ್ಬ ಒಳ್ಳೆಯ ಮನುಷ್ಯ. ಅವನ ಮೇಲಿನ ಪ್ರೀತಿಗೆ ಒಂದು ರವಿವಾರ ನಾಲ್ವರೂ ತಯಾರಾಗಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಹೇಳದೆ ಕೇಳದೆ ಅವನ ಮನೆಗೆ ಹೋದೆವು. ಯಾದಗಿರಿಯ ನಮ್ಮ ಬೀಗರು ಒಂಬತ್ತರ ಬಸ್ಸಿಗೆ ಆರು ಜನ ಬಂದಿಳಿದು, ಹೀಗೇ ಹೊರಟಿದ್ದೆವು, ಬಂದೆವು ಎನ್ನುತ್ತಾರಲ್ಲ, ಹಾಗೆ. ಅವನು ಬಾಗಿಲನ್ನು ಮುಖದಷ್ಟು ತೆರೆದು, ನಮ್ಮ ನಾಲ್ವರನ್ನೂ ನೋಡಿ ಗಾಬರಿಯಾಗಿ, ಎಲ್ಲ ಸರಿ ಇದೆಯೇ ಎಂದು ಕೇಳಿದ. ಖಾಜಾ ಮಾಮಾ ಮೊನ್ನೆ ಕೇಳಿದ್ದೂ ಅದನ್ನೇ. ಇಲ್ಲಿ ಬಾಗಿಲು ಮುಚ್ಚಿದ್ದರೆ ಕೇಳುತ್ತಾರೆ, ಅಲ್ಲಿ ಬಾಗಿಲು ಬಡಿದರೆ ಕೇಳುತ್ತಾರೆ. ಹೋಳಿಗೆಯನ್ನು ಅವನ ಕೈಗಿಟ್ಟು, ಹೀಗೇ ಹೊರಟಿದ್ದೆವು ಎಂದು ಹೇಳಿ, ಎಲ್ಲಿಗೂ ಹೊರಡದ ನಾವು ಮನೆಗೆ ಬಂದೆವು.

ಪುಟ್ಟಿ ಶಾಲೆಗೆ ಹೋಗಿ ಎರಡು ತಿಂಗಳಲ್ಲಿ ಅಲ್ಲಿಯವಳಾದಳು. ಸುನಂದಾಳಿಗೆ ಆಸ್ಪತ್ರೆ ಇತ್ತು, ನನಗೆ ಅಂಗಡಿ. ಅವ್ವನಿಗೆ ಏನೂ ಇರಲಿಲ್ಲ. ಬಾಗಿಲಿನ ಸೀಳಿನಿಂದ ಟಪಾಲು ದೊಪ್ಪೆಂದು ಒಳಗೆ ಬೀಳುತ್ತಿತ್ತು, ತಂದವನ ಮುಖ ಕಾಣುತ್ತಿರಲಿಲ್ಲ. ಇಡೀ ದಿನಕ್ಕೆ ಮನೆಗೆ ಬರುವ ಹೊರಗಿನವರು ಅಂದರೆ ಆ ಕಾಗದಗಳೇ. ಮೊದಲ ಚಳಿಗಾಲದ ನಡುವೆ ಒಂದು ದಿನ, ಅವ್ವ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂತಿದ್ದಳು.

"ತಮ್ಮಾ, ನನ್ನ ಊರಿಗಿ ಕಳಸು," ಎಂದಳು. "ಈ ಊರಾಗ ಯಾರೂ ಹಡಿಯಂಗಿಲ್ಲೇನು, ಯಾರೂ ಸಾಯಂಗಿಲ್ಲೇನು? ಒಬ್ಬರೂ ಹೇಳಾಕ ಬರಂಗಿಲ್ಲ. ನನ್ನ ಒಂದು ಸಂದೂಕದಾಗ ಹಾಕಿ ಇಟ್ಟಂಗ ಆಗ್ಯದ."

ಯುಗಾದಿಯವರೆಗೆ ನೋಡೋಣ ಎಂದು ನಾನು ಗೋಗರೆದೆ. ಆಯಿತು, ಯುಗಾದಿಯ ಬೇವು ಊರಲ್ಲೇ ತಿನ್ನುತ್ತೇನೆ ಎಂದಳು. ಅವಳಿಲ್ಲದೆ ಮನೆ ಹೇಗೆ ನಡೆಯುತ್ತದೆ ಎಂಬ ಚಿಂತೆ ಒಂದು ಕಡೆ. ಅದಕ್ಕಿಂತ ಹೆಚ್ಚು, ನಲವತ್ತೆರಡು ವರ್ಷ ಅವ್ವನಿರದ ಮನೆಯಲ್ಲಿ ಎದ್ದವನಲ್ಲ ನಾನು. ಇದನ್ನು ಗಡ್ಡ ನರೆತ ಗಂಡಸು ಬಾಯಿಬಿಟ್ಟು ಹೇಳುವುದು ಹೇಗೆ?

ಹೋಗುವುದು ನಿಶ್ಚಯವಾದ ಮೇಲೆ ಅವ್ವನಿಗೆ ಅಲ್ಲಿಯ ಅಂಜಿಕೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದು ಹಿತ್ತಿಲ ಬಾಗಿಲು ಮುಚ್ಚಬೇಕು, ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದಿನಿಂದ ಹೋಗಿಬಿಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅಷ್ಟು ದಿನ ನಮ್ಮ ಮುಖ ನೋಡಿ ಬಿಟ್ಟಿದ್ದಳು, ಈಗ ಶುರು ಮಾಡಿದಳು. ಹೊಸ್ತಿಲೆಂದು ಅಲ್ಲಿ ಇದ್ದದ್ದು ಒಂದು ಅಲ್ಯೂಮಿನಿಯಂ ಪಟ್ಟಿ. ಅದಕ್ಕೇ ಅರಿಶಿಣ ಕುಂಕುಮ ಬಿತ್ತು. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಗೇ ಕತ್ತಲು. ಅವ್ವ ಶಾಲು ಹೊದ್ದು, ಬಾಗಿಲು ಪೂರ್ತಿ ತೆರೆದು, ದೀಪ ಹಚ್ಚಿ ಕೂತರೆ ಲಕ್ಷ್ಮಿಗಿಂತ ಮೊದಲು ಸಮುದ್ರದ ಗಾಳಿ ಒಳಗೆ ಬರುತ್ತಿತ್ತು. ಪುಟ್ಟಿ ರಜಾಯಿಯೊಳಗೆ ಕೂತು ಶಾಲೆಯ ಬರಹ ಬರೆಯುತ್ತಿದ್ದಳು. ಅತ್ತೀ, ಸ್ವಲ್ಪ ಸಂದು ಬಿಟ್ಟರೆ ಲಕ್ಷ್ಮಿ ಬರುವುದಿಲ್ಲವೇ ಎಂದು ಸುನಂದಾ ಒಮ್ಮೆ ಕೇಳಿ ನೋಡಿದಳು. ಸಂದಿನಿಂದ ಬರುವುದು ಇಲಿ ಎಂದಳು ಅವ್ವ.

ನಾಲ್ಕನೆಯ ದಿನವೋ ಐದನೆಯ ದಿನವೋ, ಪಕ್ಕದ ಮನೆಯ ನೋರಾ ಬಂದಳು. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಆಯುಷ್ಯವೆಲ್ಲ ಟಪಾಲು ಹಂಚಿ ನಿವೃತ್ತಿಯಾದವಳು. ದಿನಾ ನಿಮ್ಮ ಬಾಗಿಲು ತೆರೆದೇ ಇರುತ್ತದಲ್ಲ, ಕೆಟ್ಟಿದೆಯೇ, ಎಲ್ಲ ಸರಿ ಇದೆಯೇ ಎಂದು ವಿಚಾರಿಸಲು ಬಂದಿದ್ದಳು. ಬರಿಗೈಯಲ್ಲಿ ಬರಬಾರದೆಂದು, ತಾನೇ ಬೇಯಿಸಿದ ಒಂದು ಬ್ರೆಡ್ಡನ್ನು ಅರಿವೆಯಲ್ಲಿ ಸುತ್ತಿ ತಂದಿದ್ದಳು. ಮೆಟ್ಟಿಲ ಮೇಲೆ ನಿಂತು, ಹೊಸ್ತಿಲಾಚೆಯಿಂದಲೇ ಅದನ್ನು ಚಾಚಿದಳು.

ಹೊಸ್ತಿಲ ಆಚೆ ಈಚೆ ನಿಂತು ಕೊಡುವುದೂ ಇಲ್ಲ, ಇಸಿದುಕೊಳ್ಳುವುದೂ ಇಲ್ಲ. ಇದು ನಮ್ಮಲ್ಲಿ ಕೂಸಿಗೂ ಗೊತ್ತು. ಅವ್ವ ಒಳಗೆ ಬಾ ಎಂದು ಕೈ ಮಾಡಿದಳು. ಕರೆಯದೆ ಬಂದ ತಾನು ಒಳಗೆ ಹೋಗುವುದು ಸರಿಯಲ್ಲವೆಂದು ನೋರಾ ತಲೆಯಾಡಿಸಿ, ಬ್ರೆಡ್ಡನ್ನು ಇನ್ನಷ್ಟು ಮುಂದೆ ಚಾಚಿದಳು. ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ನೋರಾಳ ಮುಖ ಸಣ್ಣದಾಯಿತು. ನಾನು ಅಡುಗೆಮನೆಯಿಂದ ಓಡಿ ಬಂದು ಇಂಗ್ಲಿಷಿನಲ್ಲಿ ಹೊಸ್ತಿಲು ಎಂದರೆ ಏನೆಂದು ಶುರು ಮಾಡುವಷ್ಟರಲ್ಲಿ ಅವ್ವ ಮುಂದೆ ನುಗ್ಗಿ, ಆ ಹೆಂಗಸಿನ ರಟ್ಟೆ ಹಿಡಿದು, ಬ್ರೆಡ್ಡು ಸಮೇತ ಒಳಗೆ ಎಳೆದುಬಿಟ್ಟಳು. ರೊಟ್ಟಿ ಬಡಿದ ಕೈ ಅದು, ತಪ್ಪಿಸಿಕೊಳ್ಳುವುದು ಸುಲಭವಲ್ಲ. ಪೊಲೀಸರು ಬರುತ್ತಾರೆಂದೇ ನಾನು ತಿಳಿದೆ.

ನೋರಾ ಎರಡು ಕ್ಷಣ ಕಣ್ಣು ಬಿಟ್ಟು ನಿಂತಳು. ಆಮೇಲೆ ನಗತೊಡಗಿದಳು. ನಲವತ್ತು ವರ್ಷ ಊರಿನ ಎಲ್ಲ ಬಾಗಿಲಿಗೂ ಹೋಗಿದ್ದೇನೆ, ಯಾರೂ ಹೀಗೆ ಎಳೆದುಕೊಂಡಿರಲಿಲ್ಲ ಎಂದಳು. ಚಹಾ ಕೊಡಲೇ ಎಂದರೆ ಬೇಡ ಎಂದಳು, ಮತ್ತೆ ಕೇಳಿದರೆ ಬೇಡವೇ ಬೇಡ ಎಂದಳು, ಮೂರನೆಯ ಸಲ ಕೇಳಿದ್ದಕ್ಕೆ ನೀವು ಇಷ್ಟು ಹೇಳುವಾಗ ಅರ್ಧ ಕಪ್ಪು ಎಂದಳು. ಅರೆ, ಇವಳು ನಮ್ಮ ತಾಲೂಕಿನವಳೇ ಎನಿಸಿತು ನನಗೆ. ಚಹಾ ಕುಡಿಯುತ್ತಾ, ತಾನು ಹುಟ್ಟಿದ ಹಳ್ಳಿಯಲ್ಲಿ ಕೀಲಿಕೈಯನ್ನು ಬಾಗಿಲಿಗೇ, ಹೊರಗಡೆಗೇ ಬಿಟ್ಟಿರುತ್ತಿದ್ದರು, ಬಂದವರು ತಿರುವಿಕೊಂಡು ಒಳಗೆ ಬರುತ್ತಿದ್ದರು ಎಂದು ಹೇಳಿದಳು. ನಾನು ಅದನ್ನು ಅವ್ವನಿಗೆ ತಿಳಿಸಿದೆ.

"ಮತ್ತ ಈಗ್ಯಾಕ ಹಿಂಗ ಆಗ್ಯಾರ? ಕೇಳು ಆಕಿಗಿ," ಎಂದಳು ಅವ್ವ. ಕೇಳಿದೆ. ನೋರಾ ತೆರೆದ ಬಾಗಿಲಿನ ಕಡೆ ನೋಡಿದಳು. ಗೊತ್ತಿಲ್ಲ, ಆ ಕೀಲಿಕೈಯನ್ನು ಯಾವಾಗ ಒಳಗೆ ತೆಗೆದಿಟ್ಟೆವೋ ನೆನಪೇ ಇಲ್ಲ ಎಂದಳು.

ಮರುದಿನ ದೀಪದ ಹೊತ್ತಿಗೆ ಮತ್ತೆ ಬಂದಳು, ಅದರ ಮರುದಿನವೂ. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಇಬ್ಬರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಮ್ಮೆ ಹೊರಡುವಾಗ ನೋರಾ ಉಪಕಾರ ಮಾಡಲೆಂದು, ಹುಟ್ಟುಹಬ್ಬದ ಮೇಣದಬತ್ತಿ ಆರಿಸಿದಂತೆ, ದೀಪವನ್ನು 'ಉಫ್' ಎಂದು ಊದಿಬಿಟ್ಟಳು. ಅವ್ವ ಎದೆ ಹಿಡಿದುಕೊಂಡು ಕೂತಳು. ಆಮೇಲೆ ಎದ್ದು, ದೀಪ ಮತ್ತೆ ಹಚ್ಚಿ, ಊದಬಾರದೆಂದು ಕೈಸನ್ನೆಯಲ್ಲೇ ಪಾಠ ಮಾಡಿದಳು. ಯುಗಾದಿ ಬಂತು, ಹೋಯಿತು. ಆ ದೇಶದಲ್ಲಿ ಬೇವು ಎಲ್ಲಿಂದ ತರುವುದೆಂಬ ಗೋಳಾಟದಲ್ಲಿ ಊರಿನ ಮಾತನ್ನು ಯಾರೂ ಎತ್ತಲಿಲ್ಲ, ನಾನಂತೂ ಉಸಿರೇ ಬಿಡಲಿಲ್ಲ.

ಬೇಸಿಗೆ ಬಂದಾಗ ಹೊಸ ಪಂಚಾಯಿತಿ ಹುಟ್ಟಿತು. ಅಲ್ಲಿ ಬೇಸಿಗೆಯಲ್ಲಿ ಹತ್ತಕ್ಕೆ ಸೂರ್ಯ ಮುಳುಗುತ್ತಾನೆ. ಎಂಟೂವರೆಗೆ ಮಲಗುವ ಅವ್ವ, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ತೂಕಡಿಸುತ್ತಾ ಸಂಜೆಗೆ ಕಾದಳು. ನಾಲ್ಕು ದಿನ ನೋಡಿದಳು. ಐದನೆಯ ದಿನ ನಾಲ್ಕೂವರೆಗೆ, ಫಳಫಳ ಬಿಸಿಲಿನಲ್ಲಿ, ನೋರಾ ಬಂದ ಕೂಡಲೇ ದೀಪ ಹಚ್ಚಿದಳು. ಇನ್ನೂ ಹೊತ್ತು ಮುಳುಗಿಲ್ಲವಲ್ಲ ಅವ್ವಾ ಎಂದೆ. "ನೋರಾ ಬಂದಾಗ ಸಂಜಿ. ಹೊತ್ತ ಮುಳುಗಾದು ಅದರ ಪಾಡಿಗಿ ಮುಳುಗಲಿ," ಎಂದಳು.

ಹೀಗೆ ನಾಲ್ಕು ವರ್ಷ. ಪುಟ್ಟಿಯ ಕ್ರಿಸ್‌ಮಸ್ ರಜೆಗೆ, ಎಳ್ಳಮವಾಸ್ಯೆಯೂ ಸಿಗುತ್ತದೆಂದು, ಈ ಸಲ ಮೊದಲ ಬಾರಿಗೆ ನಾಲ್ವರೂ ಊರಿಗೆ ಬಂದಿದ್ದೇವೆ. ಹೊರಡುವಾಗ ಅವ್ವ, ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಡದೆ ಹೋಗುವುದು ಯಾವ ಪದ್ಧತಿ ಎಂದು ಹಟ ಹಿಡಿದು ನೋರಾಳ ಕೈಗೇ ಕೊಟ್ಟಳು. ಸಹಜವಾಗಿಯೇ, ಒಳಗೆ ಕರೆದು ಕೊಟ್ಟಳು. ಆದರೆ ಶಹಾಪುರದಲ್ಲಿ ಇಳಿದ ದಿನದಿಂದ ಅವ್ವ ಮನೆಯಲ್ಲಿ ನಿಂತಿಲ್ಲ. ಬೆಳಗ್ಗೆ ಬಾಣಂತಿಯ ಮನೆ, ಮಧ್ಯಾಹ್ನ ಸುರಪುರದಿಂದ ಬಂದ ತಂಗಿಯ ಜೊತೆ ಹರಟೆ, ಸಂಜೆ ಕಟ್ಟೆ. ಮುಖದಿಂದ ಹತ್ತು ವರ್ಷ ಇಳಿದಿದೆ. ಅಣ್ಣ ವೈನಿಯೂ ಇಲ್ಲೇ ಇದ್ದುಬಿಡು ಎನ್ನುತ್ತಿದ್ದಾರೆ. ಮುಂದಿನ ವಾರದ ಟಿಕೆಟ್ಟು ನಾಲ್ವರಿಗೂ ಇದೆ. ಬರುತ್ತೀಯಾ ಎಂದು ಕೇಳುವ ಧೈರ್ಯ ನನಗೆ ಇಷ್ಟು ದಿನವಾದರೂ ಬಂದಿರಲಿಲ್ಲ. ಇಲ್ಲಿ ನಗುತ್ತಾ ಇರುವವಳನ್ನು ಮತ್ತೆ ಆ ಗಾಳಿಗೆ ಕರೆಯುವುದು ಸ್ವಾರ್ಥವೆಂದು ಗೊತ್ತು. ಕರೆಯದೆ ಹೋದರೆ ನಾನು ಅಲ್ಲಿ ಯಾವ ಬಾಗಿಲು ತೆರೆದರೂ ಒಳಗೆ ಅವಳಿರುವುದಿಲ್ಲ ಎಂಬುದೂ ಗೊತ್ತು.

ಚಹಾ ಬಂತು. ಒಂಬತ್ತು ಜನರೂ ಕಪ್ಪಿನಿಂದ ಬಸಿಗೆ ಸುರಿದುಕೊಂಡರು. ನಾನು ಕೇಳದೆ ಉಳಿಸಿಕೊಂಡಿದ್ದನ್ನು ಶರಣಮ್ಮ ಕಾಕು ಎರಡು ಗುಟುಕಿನ ನಡುವೆ ಅವ್ವನನ್ನು ಕೇಳಿಬಿಟ್ಟಳು. "ಮಗಾ ಅಂತೂ ಹಗಲಿ ಚಿಲಕಾ ಹಾಕೂ ಹಂಗ ಆಗ್ಯಾನ. ನೀ ಅರ ಇಲ್ಲೇ ಇರವಾ. ಮತ್ತ್ಯಾಕ ಹೋಗ್ತಿ ಅಲ್ಲಿಗಿ?"

ಸುನಂದಾ ಟೊಮೆಟೊ ಒರೆಸುವುದನ್ನು ನಿಲ್ಲಿಸಿದಳು. ಅವ್ವ ಉತ್ತರ ಕೊಡುವ ಮುಂಚೆ ಒಳಗಿನಿಂದ ಪುಟ್ಟಿ ಕಣ್ಣುಜ್ಜಿಕೊಳ್ಳುತ್ತಾ, ಕೈಯಲ್ಲಿ ಅವರಮ್ಮನ ಮೊಬೈಲು ಹಿಡಿದು ಬಂದಳು. ನಿನ್ನೆ ನಾವೆಲ್ಲ ಮಲಗಿದ ಮೇಲೆ ನೋರಾ ಒಂದು ಫೋಟೊ ಕಳಿಸಿದ್ದಳು.

ಅವ್ವ ಕಣ್ಣಿಗೆ ದೂರ ಹಿಡಿದು ನೋಡಿದಳು, ನಾನೂ ಬಗ್ಗಿ ನೋಡಿದೆ. ಅಲ್ಲಿಯ ನಮ್ಮ ಮನೆ. ಮುಂಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು. ಬಾಗಿಲಿಗೆ ಎದುರಾಗಿ ಹಾಕಿದ ಅವ್ವನ ಕುರ್ಚಿಯಲ್ಲಿ ನೋರಾ ದಪ್ಪ ಕೋಟು, ಉಣ್ಣೆಯ ಟೋಪಿ, ಕೈಗವಸು ತೊಟ್ಟು, ಮೂಗು ಕೆಂಪಾಗಿ, ನೆಟ್ಟಗೆ ಕೂತಿದ್ದಳು.

ಮೊಬೈಲು ಒಂಬತ್ತು ಜನರ ಕೈಯಲ್ಲೂ ಹಾದು ಬಂತು. ಖಾಜಾ ಮಾಮಾ ಕೋಟಿನ ಹೊಲಿಗೆಯನ್ನು ಹತ್ತಿರದಿಂದ ನೋಡಿದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೊಬೈಲನ್ನು ನನ್ನ ಕಡೆ ಚಾಚಿದಳು.

"ಹಿತ್ತಲ ಬಾಗಲಾ ಮುಚ್ಚ್ಯಾಳೋ ಇಲ್ಲೋ ಕೇಳು," ಎಂದಳು. "ಮತ್ತ ಎಣ್ಣಿ ನೋಡಕೊಂಡು ಹಾಕಂತ ಹೇಳು. ನಾ ಬರೂತನಕ ಸಾಲಬೇಕು."